ಕಿಟಕಿಯ ಗಾಳಿ

ಕಿಟಕಿಯೊಳಗಿನ ಬೇವಿನ ಮರ ಮತ್ತೆ ಅಲುಗಾಡದೆ ನಿಂತುಬಿಟ್ಟಿತು. ಬಿಸಿಲಿಗೆ ಹೆದರಿ ನೆಲದಡಿಗೆ ಇಳಿದ ಊರಿನಲ್ಲಿ ಕಿಟಕಿ ಎಂದರೆ ಗೋಡೆಗೆ ಅಂಟಿಸಿದ ಸ್ಕ್ರೀನು. ಅದರೊಳಗಿನ ಮರ, ಓಣಿ, ಆಕಾಶವನ್ನೆಲ್ಲ ಮನೆಯ ಕಂಪ್ಯೂಟರೇ ಬಿಡಿಸಬೇಕು. ಕಣ್ಣು ಮಂಜಾದ ಅತ್ತೆ ಗುಂಡಮ್ಮನಿಗೆ ಮಾತ್ರ ಅದು ಮೇಲಿನ ಹಳೆ ಮನೆಯದೇ ಕಿಟಕಿ. ಸೊಸೆ ಶಿವಲೀಲಾ ಆ ನಂಬಿಕೆಯನ್ನು ತಿದ್ದಲು ಹೋಗಿರಲಿಲ್ಲ.

ರಿಪೇರಿಯ ರುಕ್ಮೊದ್ದೀನ ಕಂಪ್ಯೂಟರಿನೊಳಗೆ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡು ಮುಟ್ಟಿ, ಅದರ ಕಾವಿಗೆ ಚಟ್ಟನೆ ಕೈ ಹಿಂತೆಗೆದ.

"ಇದು ಕಾದ್ರ ಚಿತ್ರ ನಿಂತುಬಿಡ್ತದ. ನೀರಿನ ಕೂಲರ್ ಹಾಕಿದ್ರ ತಣ್ಣಗಿರ್ತದಕ್ಕ. ಖರೆ ನೀರು ಆರ್ತಿರ್ತದ, ನಿಮ್ಮ ಕುಡಿಯೋ ನೀರಿನ ಪಾಲಿನಾಗಿಂದೇ ಹಾಕ್ಬೇಕು. ಫ್ಯಾನ್ ಆದ್ರ ಬಿಸಿ ಗಾಳಿ ಮನ್ಯಾಗೇ ಬಿಡ್ತದ."

"ಫ್ಯಾನೇ ಹಾಕ್ರಿ," ಎಂದ ಶಿವಲೀಲಾಳಿಗೆ ಏನೋ ಹೊಳೆಯಿತು. "ಅದರ ಬಾಯಿ ಕಿಡಕಿ ಬಟ್ಟಿ ಪರದೆ ಕಡಿ ತಿರುಗಿಸ್ರಿ. ಅತ್ತಿಗಿ ಹೊರಗಿನ ಗಾಳಿ ಬಂದಂಗ ಆಗ್ಲಿ."

ಅವನು ಹೋದ ಮೇಲೆ ಬೇವು ತೂಗಿತು, ಹಿಂದಿನ ಫ್ಯಾನಿನ ಗಾಳಿಗೆ ಪರದೆ ಉಬ್ಬಿತು. ಮಂಚದ ಮೇಲಿದ್ದ ಗುಂಡಮ್ಮ ಗಾಳಿಗೆ ಮುಖವೊಡ್ಡಿ ನಕ್ಕಳು. ಶಿವಲೀಲಾಳಿಗೂ ಒಂದು ಗಳಿಗೆ ಆಚೆ ಓಣಿ ಇದೆ ಅನ್ನಿಸಿತು.

ಆದರೆ ಕೋಣೆ ಕಾವೇರತೊಡಗಿತು. ಅತ್ತೆಯ ಹಣೆಯಲ್ಲಿ ಬೆವರೊಡೆಯಿತು.

"ಝಳ ಹೊಡೀಲಿಕತ್ತದ. ಕಿಡಕಿ ಮುಚ್ಚವ್ವ."

ಫ್ಯಾನು ನಿಲ್ಲಿಸಿದರೆ ಮರವೂ ನಿಲ್ಲುತ್ತದೆ. ಶಿವಲೀಲಾ ಎದ್ದುಹೋಗಿ, ಪರದೆಗೆ ಬೆನ್ನು ಕೊಟ್ಟು ಬಿಸಿ ಗಾಳಿಗೆ ಅಡ್ಡ ನಿಂತಳು.

"ಮುಚ್ಚೀನ್ರಿ ಅತ್ತಿ."

"ಇನ್ನೂ ಧಗಿ ಅದ ನೋಡು. ಹೊರಗ ಕಟ್ಟಿ ಮ್ಯಾಲರ ಕೂಡೂಣು ನಡಿ," ಎಂದು ಗುಂಡಮ್ಮ ಮಂಚದಿಂದ ಕಾಲು ಇಳಿಬಿಟ್ಟು, ಚಪ್ಪಲಿಗಾಗಿ ನೆಲ ತಡಕಾಡತೊಡಗಿದಳು.