ಕಹಿ ಬಂತಾ?

ಎರಡನೆಯ ಸಲವೂ ಕಹಿ ಬಂತು. ಅವಳು ಕೈ ಎತ್ತಿದಳು. ಸುರಕ್ಷತಾ ವಿಭಾಗದವನು ಅವಳ ತಲೆಯ ಮೇಲಿನ ಪ್ಲಾಸ್ಟಿಕ್ ಮುಸುಕನ್ನು ಕಳಚಿ, ಹಾಳೆಯಲ್ಲಿ ಎರಡನೆಯ ಅಡ್ಡಗೆರೆ ಎಳೆದ.

ಪರೀಕ್ಷೆ ಸರಳ. ಮೂಗು ಬಾಯಿಗೆ ಮಾಸ್ಕ್, ಅದರ ಮೇಲೆ ತಲೆ ಪೂರ್ತಿ ಮುಚ್ಚುವ ಮುಸುಕು. ಮುಸುಕಿನ ತೂತಿನಿಂದ ಒಂದು ಕಹಿ ದ್ರವವನ್ನು ಒಳಗೆ ಚಿಮುಕಿಸುತ್ತಾರೆ. ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತಿದ್ದರೆ ನಾಲಿಗೆಗೆ ಏನೂ ಗೊತ್ತಾಗುವುದಿಲ್ಲ. ಸಂದು ಉಳಿದಿದ್ದರೆ ಕಹಿ ನುಗ್ಗುತ್ತದೆ. ಕಹಿ ನುಗ್ಗಿದ ದಾರಿಯಲ್ಲೇ ಕ್ಷಯದ ರೋಗಾಣುವೂ ನುಗ್ಗುತ್ತದೆ. ಗಾಜಿನ ಗೋಡೆಯಾಚೆಯ ಲ್ಯಾಬಿನಲ್ಲಿ ಬೆಳೆಸುವುದು ಅದನ್ನೇ. ಕಹಿ ಬಂತೋ ಇಲ್ಲವೋ ಎಂದು ಹೇಳುವ ಯಂತ್ರವಿಲ್ಲ. ಮುಸುಕಿನೊಳಗಿದ್ದವರ ಬಾಯಿಮಾತೇ ಸಾಕ್ಷಿ. ಮೂರು ಸಲ ಬಂದರೆ ಲ್ಯಾಬಿನ ಬಾಗಿಲು ಮುಚ್ಚಿದಂತೆ.

ಔಷಧಕ್ಕೆ ಜಗ್ಗದ ರೋಗಾಣುವನ್ನು ಬಗ್ಗಿಸುವ ಈ ಸಂಶೋಧನೆ ಅವಳ ತಲೆಯಲ್ಲಿ ಹುಟ್ಟಿದ್ದು. ಅವಳು ಒಳಗೆ ಹೋಗದಿದ್ದರೆ ಪಕ್ಕದ ವಿಭಾಗದ ಗಡ್ಡದವನು ಅದನ್ನು ಮುಂದುವರಿಸುವುದೆಂದು ಆಗಲೇ ತೀರ್ಮಾನವಾಗಿತ್ತು. ಅವನೂ ಮೊದಲ ಸಲ ಫೇಲಾಗಿದ್ದ. ಗಡ್ಡ ಅಡ್ಡ ಬಂದರೆ ಮಾಸ್ಕ್ ಕೂರುವುದಿಲ್ಲ.

ಚಿಕ್ಕ ಸೈಜಿನ ಮಾಸ್ಕ್ ಇಲ್ಲವೇ ಎಂದು ಕೇಳಿದಳು. ಇಲ್ಲಿಗೆ ಬರುವುದು ಒಂದೇ ಸೈಜು ಎಂದ ಸುರಕ್ಷತಾ ವಿಭಾಗದವನು. ಬೇರೆಯದನ್ನು ತರಿಸಿ ಎಂದಳು. ತರಿಸಬೇಕಾದರೆ ಕಾರಣ ಬೇಕು, ಇಷ್ಟು ವರ್ಷದಲ್ಲಿ ಒಬ್ಬ ಹೆಂಗಸೂ ಫೇಲಾಗಿಲ್ಲ, ನೀವೇ ಮೊದಲಿಗರು ಎಂದ. ಅವನೇನು ಕೆಟ್ಟವನಲ್ಲ.

"ನಿಮ್ಮ ಮುಖ ಚಿಕ್ಕದು ಮೇಡಂ. ಅದಕ್ಕೆ ನಾನೇನು ಮಾಡ್ಲಿ?"

"ಅವನು ಗಡ್ಡ ಬೋಳಿಸ್ಕೊಂಡು ಬಂದು ಪಾಸಾದ. ನಾನೇನು ಬೋಳಿಸ್ಲಿ?"

ಅವನಿಗೆ ನಗು ಬಂತು. ನಗಬಾರದೆಂದು ಬೆನ್ನು ತಿರುಗಿಸಿ, ಬಾಯಿ ಮುಕ್ಕಳಿಸಿಕೊಂಡು ಬನ್ನಿ ಎಂದಷ್ಟೇ ಹೇಳಿದ.

ಕಾರಿಡಾರಿನ ನಲ್ಲಿಯ ಹತ್ತಿರ ದೊಡ್ಡ ಮೇಡಂ ಕಾಯುತ್ತಿದ್ದರು. ಲ್ಯಾಬಿನ ಮುಖ್ಯಸ್ಥೆ ಅವರು. ಶಾಲೆ ಕಾಲೇಜುಗಳಲ್ಲಿ ಹುಡುಗಿಯರಿಗೆ ವಿಜ್ಞಾನದ ಬಗ್ಗೆ ಹುರುಪು ತುಂಬಬೇಕಾದಾಗಲೆಲ್ಲ ಸಂಸ್ಥೆ ಕಳಿಸುವುದು ಅವರನ್ನೇ. ಅವಳು ಮುಖ ಒರೆಸಿಕೊಳ್ಳುವವರೆಗೆ ತಡೆದು, ದನಿ ತಗ್ಗಿಸಿದರು.

"ಈ ಸಲ ಬಂದ್ರೂ ಬರ್ಲಿಲ್ಲ ಅನ್ನು. ನುಂಗ್ಬಿಡು. ಮುಖ ಸಿಂಡರಿಸ್ಬೇಡ, ಅಷ್ಟೆ. ನಾವೆಲ್ಲ ಹಾಗೇ ಒಳಗೆ ಬಂದಿದ್ದು."

"ಒಳಗೆ ಹೋದ್ಮೇಲೆ?"

"ಹುಷಾರಾಗಿರ್ತೀವಿ."

ಹುಷಾರಾಗಿದ್ದವರಿಗೆ ಯಾರಿಗೂ ಏನೂ ಆಗಿಲ್ಲವೇ ಎಂದು ಕೇಳಿದಳು. ದೊಡ್ಡ ಮೇಡಂ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿ ಮಾಡಿದರು. ತಮ್ಮ ಜೊತೆಗೇ ಸೇರಿದ ಗೆಳತಿಗೆ ಕೆಮ್ಮು ಹತ್ತಿಕೊಂಡಿತ್ತು, ಒಂದು ಶ್ವಾಸಕೋಶ ಹೋಯಿತು ಎಂದರು. ಸಂಸ್ಥೆಯ ಪ್ರಕಾರ ಆ ಗೆಳತಿ ಸಂಸಾರದ ಕಾರಣಕ್ಕೆ ಕೆಲಸ ಬಿಟ್ಟವಳು. ಹೆಂಗಸರು ವಿಜ್ಞಾನದಲ್ಲಿ ಯಾಕೆ ನಿಲ್ಲುವುದಿಲ್ಲವೋ ಎಂದು ಸಭೆಗಳಲ್ಲಿ ತಲೆ ಕೆರೆದುಕೊಳ್ಳುವವರ ಲೆಕ್ಕದಲ್ಲಿ ಅವಳೂ ಒಂದು ಅಂಕಿ.

"ನನ್ನ ಮಗಳು ರಾತ್ರಿ ನನ್ನ ಮುಖಕ್ಕೆ ಮುಖ ಒತ್ಕೊಂಡು ಮಲಗ್ತಾಳೆ ಮೇಡಂ," ಎಂದಳು ಅವಳು.

"ನೀನು ಹೊರಗೆ ನಿಂತ್ರೆ ನಿನ್ನ ಕೆಲ್ಸಕ್ಕೆ ಆ ಗಡ್ಡದವನ ಹೆಸರು ಬೀಳುತ್ತೆ. ಮಗಳಿಗೆ ಅದನ್ನ ಹೇಳ್ತೀಯಾ?"

ಅವಳು ಹೇಳಿದಳು: "ನಾನು ಒಂಬತ್ತನೇ ಕ್ಲಾಸಲ್ಲಿದ್ದಾಗ ನೀವು ನಮ್ಮ ಸ್ಕೂಲಿಗೆ ಬಂದಿದ್ರಿ. ಬನ್ನಿ ಅಂದ್ರಿ, ಬಂದೋರು ಬಿಡ್ಬೇಡಿ ಅಂದ್ರಿ. ಇದನ್ನ ಹೇಳ್ಲಿಲ್ಲ."

"ಹೇಳಿದ್ರೆ ನೀನು ಬರ್ತಿರ್ಲಿಲ್ಲ."

"ಬರ್ತಿದ್ದೆ. ನನ್ನ ಸೈಜಿನ ಮಾಸ್ಕ್ ಕೇಳ್ಕೊಂಡು ಬರ್ತಿದ್ದೆ."

ಮೂರನೆಯ ಪರೀಕ್ಷೆಗೆ ದೊಡ್ಡ ಮೇಡಂ ಕೂಡ ಒಳಗೆ ಬಂದು ಬಾಗಿಲಿಗೆ ಒರಗಿ ನಿಂತರು. ಸುರಕ್ಷತಾ ವಿಭಾಗದವನು ಮಾಸ್ಕಿನ ಪಟ್ಟಿಗಳನ್ನು ತಾನೇ ಎಳೆದು ಬಿಗಿ ಮಾಡಿದ, ಮುಸುಕು ಹಾಕಿದ, ತಲೆ ಎಡಕ್ಕೆ ಬಲಕ್ಕೆ ತಿರುಗಿಸಲು ಹೇಳಿದ, ಚಿಮುಕಿಸಿದ. ಕಹಿ ಬಂತಾ ಎಂದು ಕೇಳಿದ.

"ಬಂತು."

ಅವನ ಪೆನ್ನು ಹಾಳೆಯ ಮೇಲೆ ನಿಂತಿತು. "ಯೋಚ್ನೆ ಮಾಡಿ ಹೇಳಿ ಮೇಡಂ. ನಾನಿನ್ನೂ ಬರ್ದಿಲ್ಲ."

"ಬಂತು. ಬರ್ಕೊಳ್ಳಿ."

ಬರೆದುಕೊಂಡ. ಅವಳು ಮಾಸ್ಕ್ ತೆಗೆದಿಟ್ಟು ಎದ್ದಳು. ಪಟ್ಟಿ ಒತ್ತಿದ ಜಾಗದಲ್ಲಿ ಕೆನ್ನೆ ಕೆಂಪಗೆ ಕಚ್ಚು ಬಿದ್ದಿತ್ತು. ಅವಳು ಬಾಗಿಲಿನ ಹತ್ತಿರ ಬಂದಾಗ ದೊಡ್ಡ ಮೇಡಂ ದಾರಿ ಬಿಟ್ಟುಕೊಡಲಿಲ್ಲ. ಅವಳ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ನೇರವಾಗಿ ಹೋಗಿ, ಆಗಷ್ಟೇ ಖಾಲಿಯಾದ ಸ್ಟೂಲಿನ ಮೇಲೆ ಕೂತರು. ಮೇಜಿನ ಮೇಲಿನ ಡಬ್ಬಿಯಿಂದ ಹೊಸ ಮಾಸ್ಕ್ ತೆಗೆದುಕೊಂಡು ತಾವೇ ಹಾಕಿಕೊಂಡರು.

ನಿಮ್ಮದು ಈ ವರ್ಷ ಆಗಿಹೋಗಿದೆ, ಪಾಸಾಗಿದೆ ಎಂದು ಅವನು ನೆನಪಿಸಿದ. ಅವರು ಕೈಯಿಂದಲೇ, ಮುಸುಕು ಹಾಕು ಎಂದು ಸನ್ನೆ ಮಾಡಿದರು. ಮುಸುಕಿನೊಳಗೆ ಒಂದು ಸಲ ಚಿಮುಕಿಸಿದ. ಅವರ ಹಣೆಯ ಒಂದು ಗೆರೆಯೂ ಅಲುಗಲಿಲ್ಲ.

"ಬರ್ಲಿಲ್ಲ ಅಲ್ವಾ ಮೇಡಂ?"

"ಸೇರಿದ ವರ್ಷದಿಂದ ಬರ್ತಿದೆ. ಬರ್ಕೋ."

"ನೀವೇ ಹೀಗಂದ್ರೆ ಇಲ್ಲೀತನಕ ಬರ್ದಿದ್ದೆಲ್ಲ ಸುಳ್ಳಾಗುತ್ತೆ. ಲ್ಯಾಬು ನಿಂತೋಗುತ್ತೆ ಮೇಡಂ."

"ನಿಲ್ಲಲಿ. ಒಳಗಿರೋ ಹೆಂಗಸರನ್ನ ಹೊರಗೆ ಕರಿ."

ಅವನು ಹೋಗಿ ಗಾಜಿನ ಗೋಡೆಯನ್ನು ಬೆರಳಗೆಣ್ಣಿನಿಂದ ತಟ್ಟಿದ. ಆಚೆ, ಬಗ್ಗಿ ಕೆಲಸ ಮಾಡುತ್ತಿದ್ದ ಇಬ್ಬರು ಹೆಂಗಸರು ಒಟ್ಟಿಗೆ ತಲೆಯೆತ್ತಿದರು. ತಲೆಯೆತ್ತಿದ ಕೂಡಲೇ, ಇಬ್ಬರೂ ಮೊಣಕೈ ಮಡಚಿ, ಮುಂಗೈಯಿಂದ ಸಂದು ಬಿಟ್ಟ ಮಾಸ್ಕನ್ನು ಕೆನ್ನೆಗೆ ಒತ್ತಿಹಿಡಿದುಕೊಂಡರು.