ಗಟ್ಟಿ ಪೆಡಲ್

ಎರಡೇ ಸೀಟಿನ ಪುಟ್ಟ ವಿಮಾನದ ಬ್ರೇಕಿನೊಳಗೆ ಗಾಳಿ ಸೇರಿಕೊಂಡಿತ್ತು. ಹತ್ತು ಗಂಟೆಗೆ ಅದರಲ್ಲಿ ಒಬ್ಬ ಹುಡುಗಿ ಮೊದಲ ಬಾರಿಗೆ ಒಂಟಿಯಾಗಿ ಹಾರಬೇಕಿತ್ತು. ಮೆಕ್ಯಾನಿಕ್ ಕಾಶವ್ವ ಎಣ್ಣೆಯ ಪಂಪು ತರುವಷ್ಟರಲ್ಲಿ ಹಾರಾಟ ಶಾಲೆಯ ಯಜಮಾನರು ತಾವೇ ಒಳಗೆ ಕುಳಿತು, ಪೆಡಲ್ ತುಳಿದು ತುಳಿದು, ಆ ಗಾಳಿಯನ್ನು ಹೊರಗೆ ಬಿಡುವ ಕೆಲಸ ಮುಗಿಸಿದ್ದರು.

“ಆತು ನೋಡು. ಪೆಡಲ್ ಕಲ್ಲಿನಂಗ ಗಟ್ಟಿ ಐತಿ. ಇಷ್ಟಕ್ಕ ನಿನಗ ಅರ್ಧ ದಿನ ಬೇಕು.”

“ಹಂಗ ತುಳಿಯೋದು ಕಾರಿಗೆ, ಸಾಹೇಬ್ರ. ಗಾಳಿ ಮ್ಯಾಲೇರತೈತಿ. ಇದಕ್ಕ ಗಾಲಿ ಕಡಿಂದ ಎಣ್ಣಿ ಏರಿಸಿ ಗಾಳಿನ ಮ್ಯಾಲೆ ದಬ್ಬಬೇಕು. ಈಗ ಗಟ್ಟಿ ಅನಸ್ತೈತಿ, ಇಳಿಯೋ ಹೊತ್ತಿಗೆ ಮೆತ್ತಗಾಗಿರತೈತಿ, ಬ್ರೇಕ್ ಹಿಡಿಯಂಗಿಲ್ಲ.”

“ಗಾಳಿ ಎತ್ತ ಹೋಗತೈತಿ ಅಂತ, ಇಲ್ಲಿ ಕಸಾ ಹೊಡಿಯಾಕ ಕಸಬರಿಗಿ ಹಿಡಕೊಂಡು ಬಂದಾಕಿ ನನಗ ಕಲಸ್ತಾಳ.” ಅವರು ಕೆಳಗಿಳಿದು, ರೆಕ್ಕೆಯ ಪಕ್ಕ ನಿಂತಿದ್ದ ಹುಡುಗಿಯತ್ತ ತಿರುಗಿದರು. “ನೀ ಹತ್ತು, ತಂಗಿ. ಇಕಿ ಮಾತು ಕೇಳಿದ್ರ ವಿಮಾನಕ್ಕ ಎತ್ತು ಕಟ್ಟಬೇಕಾಗತೈತಿ.”

ಹುಡುಗಿ ಇಬ್ಬರ ಮುಖವನ್ನೂ ನೋಡಿದಳು.

ಕಾಶವ್ವ ಸಾವಕಾಶವಾಗಿ ಕೈ ಒರೆಸಿಕೊಂಡಳು. “ಹೋಗ್ಲಿ ಬಿಡ್ರಿ. ವಿಮಾನ ಬಂದು ನಿಲ್ಲೋ ಗೆರಿ ಮುಂದ ನಿಮ್ಮ ಹೊಸಾ ಕಾರ್ ಐತಿ. ಅದು ಅಲ್ಲೇ ಇರಲೇನ್ರಿ?”

“ಇರಲಿ. ಬ್ರೇಕ್ ಗಟ್ಟಿ ಐತಿ ಅಂದ್ನಲ್ಲ.”

ಹುಡುಗಿ ರೆಕ್ಕೆಯ ಮೇಲೆ ಒಂದು ಕಾಲಿಟ್ಟಳು. ಯಜಮಾನರು ಜೇಬು ತಡವಿ ಕೀಲಿ ತೆಗೆದು, ಯಾರ ಮುಖವನ್ನೂ ನೋಡದೆ ಬಿರಬಿರನೆ ನಡೆದು ಹೋಗಿ, ಕಾರನ್ನು ಶೆಡ್ಡಿನ ಹಿಂದಕ್ಕೆ ಒಯ್ದರು.

ಹುಡುಗಿ ಇಟ್ಟ ಕಾಲನ್ನು ಕೆಳಗಿಳಿಸಿದಳು.