ಒಣಗುವ ಮೊದಲೇ ಇಸ್ತ್ರಿಯಾದ ಅಂಗಿ

“ನಿನ್ನ ಗಂಡನ ಅಂಗಿ ಒಣಗೋದಕ್ಕೆ ಮುಂಚೆನೇ ಇಸ್ತ್ರಿ ಆಗಿರುತ್ತಲ್ಲಮ್ಮ, ಅದು ಹ್ಯಾಗೆ?”

ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದ ಇಸ್ತ್ರಿಯವಳ ಕೈ ತಂತಿಯ ಮೇಲೇ ನಿಂತುಬಿಟ್ಟಿತು. ಬೆನ್ನ ಹಿಂದೆ ಮನೆಯೊಡತಿ! ಮಂಡಿನೋವೆಂದು ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದ ಮುದುಕಿ ಇವತ್ತು ಅದ್ಯಾವ ಮಾಯದಲ್ಲಿ ಮೇಲೆ ಬಂದಳೋ! ಬಂದವಳು ಸುಮ್ಮನೆ ನಿಂತಿರಲೂ ಇಲ್ಲ, ಬಿಳಿ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಪಕ್ಕದಲ್ಲಿದ್ದ ಮಗಳ ಫ್ರಾಕಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅಂಗಿ ಮಾತ್ರ ಗರಿಗರಿಯಾಗಿತ್ತು, ತೋಳಿನುದ್ದಕ್ಕೂ ಇಸ್ತ್ರಿಯ ಗೆರೆ ಎದ್ದು ಕಾಣುತ್ತಿತ್ತು.

ತಪ್ಪು ಅವಳ ಕೈಯದು. ಲಾಂಡ್ರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಇಸ್ತ್ರಿ ತಿಕ್ಕುವ ಕೈಗೆ ಸುಕ್ಕು ಕಂಡರೆ ಆಗುವುದಿಲ್ಲ. ಯಾರೋ ಕೊಟ್ಟು ಮರೆತುಹೋದ ಅಂಗಿಯೊಂದನ್ನು ಲಾಂಡ್ರಿ ಯಜಮಾನನಿಂದ ಕೇಳಿ ತಂದಿದ್ದಳು. ಬಾಡಿಗೆ ಮನೆಯ ಬಾಗಿಲ ಮೇಲೆ ‘ಸಂಸಾರಸ್ಥರಿಗೆ ಮಾತ್ರ’ ಎಂದಿತ್ತು. ಅದಕ್ಕೊಂದು ಗಂಡಸಿನ ಅಂಗಿ ಬೇಕಾಗಿತ್ತು. ಸಂಜೆ ತಂತಿಯಿಂದ ತೆಗೆದು ಮಡಿಸುವಾಗ ಕೈ ತಡೆಯದೆ ಇಸ್ತ್ರಿ ಆಡಿಸುವಳು, ಮುಂದಿನ ಸಲ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಹಾಗೇ ತಂದು ನೇತುಹಾಕುವಳು. ನೀರಲ್ಲಿ ಅದ್ದಬೇಕೆನ್ನುವುದು ಹೊಳೆದೇ ಇರಲಿಲ್ಲ.

“ಅವರು ಲಾರಿ ಓಡಿಸ್ತಾರಲ್ಲಮ್ಮ, ಸರಿರಾತ್ರಿ ಬಂದು ನಸುಕಿಗೇ ಹೊರಟುಬಿಡ್ತಾರೆ. ಅದಕ್ಕೇ…”

“ಸಾಕು ಬಿಡೆ ಕತೆ. ನಿನ್ನೆ ನಿನ್ನ ಮಗಳನ್ನೇ ಕೇಳಿದೆ, ನಿಮ್ಮಪ್ಪ ಎತ್ತರವೋ ಕುಳ್ಳೋ ಅಂತ. ‘ಆ ಅಂಗಿಯಷ್ಟೇ ಇದಾರೆ ಅಜ್ಜಿ’ ಅಂದ್ಲು.”

ಇಸ್ತ್ರಿಯವಳಿಗೆ ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. “ಯಾರೂ ಇಲ್ಲಮ್ಮ. ಅವಳು ಹುಟ್ಟೋದಕ್ಕೆ ಮುಂಚೆನೇ ಬಿಟ್ಟುಹೋದ. ನಿಜ ಹೇಳಿದ ಕಡೆಯೆಲ್ಲಾ ಮುಖದ ಮೇಲೇ ಬಾಗಿಲು ಹಾಕಿದ್ರು. ಮನೆ ಖಾಲಿ ಮಾಡ್ತೀನಿ. ಬೇರೆ ಕಡೆ ಸಿಗೋ ತನಕ ಇರೋದಕ್ಕೆ ಬಿಡಿ, ಅಷ್ಟು ಸಾಕು.”

“ಖಾಲಿ ಮಾಡು ಅಂತ ಈಗ ಯಾರು ಬಡ್ಕೊಂಡ್ರು?” ಮುದುಕಿಯ ದನಿ ತಗ್ಗಿತು. “ನಂಗೇನೂ ಇಲ್ಲ ಕಣೆ. ನಿನ್ನ ಪಾಡಿಗೆ ನೀನಿದ್ದೀಯ, ಮಗು ನನ್ನ ಮೊಮ್ಮಗಳ ಥರ ಓಡಾಡ್ಕೊಂಡಿದೆ. ಆದ್ರೆ ಬೀದಿಯವರ ಬಾಯಿಗೆ ಬೀಗ ಹಾಕೋಕಾಗುತ್ತಾ? ಎದುರುಮನೆಯವಳನ್ನೇ ನೋಡು. ಎರಡು ಮಕ್ಕಳು, ಗಂಡನಿಗೆ ಕಾರ್ಖಾನೇಲಿ ರಾತ್ರಿ ಪಾಳಿ, ಎಂಥಾ ಮರ್ಯಾದಸ್ಥ ಸಂಸಾರ! ಅವಳಿಗೆ ಗೊತ್ತಾದ್ರೆ ನಾನು ಮುಖ ಎಲ್ಲಿಡಲಿ? ಅಂಗಿ ಇರ್ಲಿ. ಒದ್ದೆ ಮಾಡಿ ಹಾಕು, ಅಷ್ಟೆ.”

ಇಷ್ಟು ಹೇಳಿ, ಗೋಡೆ ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ ‘ಅಮ್ಮಾ’ ಎನ್ನುತ್ತಾ ಇಳಿದುಹೋದಳು.

ಸದ್ಯ, ಬದುಕಿದೆ ಎನಿಸಬೇಕಿತ್ತು. ಎನಿಸಿತು ಕೂಡ. ಆದರೆ ನಿಜ ಬಾಯಿಬಿಟ್ಟ ಆ ಒಂದು ಗಳಿಗೆ, ಮುದುಕಿ ಅಂಗಿಯನ್ನು ಕಿತ್ತು ಬಿಸಾಡುತ್ತಾಳೆ, ‘ಇದ್ಯಾಕೆ ನಿಂಗೆ?’ ಎಂದು ಬೈಯುತ್ತಾಳೆ ಎಂದು ಇಸ್ತ್ರಿಯವಳು ಆಸೆಪಟ್ಟಿದ್ದಳು. ಗಂಡ ಬೇಕೆಂಬ ಆಸೆ ಎಂದೋ ಬತ್ತಿಹೋಗಿತ್ತು. ಉಳಿದದ್ದು ಇದೊಂದೇ: ಈ ತಂತಿಯ ಮೇಲೆ ತನ್ನ ಬಟ್ಟೆ, ಮಗಳ ಬಟ್ಟೆ, ಎರಡೇ ಒಣಗಬೇಕು. ಅದನ್ನು ಕಂಡೂ ಯಾರಾದರೂ ‘ಬಾಮ್ಮ, ಕೂತ್ಕೋ’ ಎಂದು ಕರೆಯಬೇಕು. ಅದೇನು ದೊಡ್ಡ ಆಸೆಯೇ?

ಅಂಗಿಯನ್ನು ಬಕೆಟ್ಟಿಗೆ ಅದ್ದಿ, ಹಿಂಡದೆ ಹಾಗೇ ತಂತಿಗೆ ಹಾಕಿದಳು. ಸ್ಕೂಲಿನ ಚೀಲ ಬೆನ್ನಿಗೇರಿಸಿಕೊಂಡು ಮೇಲೆ ಬಂದ ಮಗಳು ಸುರಿಯುವ ನೀರಿಗೆ ಅಂಗೈ ಒಡ್ಡಿದಳು.

“ಅಮ್ಮಾ, ಇವತ್ತು ಅಪ್ಪನಿಗೆ ಸ್ನಾನ ಆಯ್ತಾ?”

ನಗುವೂ ಬಂತು, ಅಳುವೂ ಬಂತು. ಮಗಳಿಗೆ ಕಾಣದಿರಲೆಂದು ಮುಖ ಆಚೆ ತಿರುಗಿಸಿದಳು. ಕಿರಿದಾದ ಬೀದಿಯ ಆ ಬದಿ, ಎದುರುಮನೆಯ ತಾರಸಿಯಲ್ಲಿ ಆ ಮರ್ಯಾದಸ್ಥ ಸಂಸಾರದವಳು ಬಟ್ಟೆ ಹಾಕುತ್ತಿದ್ದಳು. ಮಕ್ಕಳ ಚಡ್ಡಿಗಳು, ಒಂದು ಟವೆಲು, ಕೊನೆಗೆ ನೀಲಿ ಅಂಗಿ. ಇಸ್ತ್ರಿಯವಳ ಕಣ್ಣು ರೂಢಿಯಂತೆ ಸುಕ್ಕು ಹುಡುಕಿತು. ಸುಕ್ಕೇ ಇರಲಿಲ್ಲ. ಎದೆಯ ಮೇಲೆ ಅಡ್ಡಕ್ಕೆ, ಉದ್ದಕ್ಕೆ ಚೌಕ ಚೌಕವಾಗಿ ಮಡಿಕೆಯ ಗೆರೆಗಳಿದ್ದವು. ಹೊಸ ಅಂಗಿಯೊಳಗೆ ರಟ್ಟಿಟ್ಟು ಮಡಿಸಿ ಡಬ್ಬಿಗೆ ತುಂಬುವಾಗ ಬೀಳುವ ಗೆರೆಗಳು, ಒಂದು ಸಲ ಒಗೆದರೂ ಹೊರಟುಹೋಗುವಂಥವು. ಆ ಅಂಗಿ ಇವತ್ತಿನವರೆಗೂ ನೀರನ್ನೂ ಕಂಡಿರಲಿಲ್ಲ, ಯಾರ ಮೈಯನ್ನೂ ಕಂಡಿರಲಿಲ್ಲ.

ಎದುರಿನವಳು ತಲೆಯೆತ್ತಿದಳು. ಇಬ್ಬರ ಕಣ್ಣೂ ಸೇರಿದವು. ತನ್ನ ಅಂಗಿಯ ಮೇಲೆ ನೆಟ್ಟ ನೋಟವನ್ನು ಕಂಡು ಆಕೆಯ ಮುಖ ಬಿಳಿಚಿಕೊಂಡಿತು.

ಇಸ್ತ್ರಿಯವಳು ಒಮ್ಮೆ ಬೀದಿಯತ್ತ ಬಗ್ಗಿ ನೋಡಿದಳು. ಯಾರೂ ಇರಲಿಲ್ಲ. ಬಕೆಟ್ಟಿನಿಂದ ಒಂದು ಚೊಂಬು ನೀರು ಮೊಗೆದು ಮೇಲೆತ್ತಿ, ಆಗಲೇ ತೊಯ್ದು ತೊಪ್ಪೆಯಾಗಿದ್ದ ತನ್ನ ಬಿಳಿ ಅಂಗಿಯ ಮೇಲೆ, ಆಕೆಗೆ ಚೆನ್ನಾಗಿ ಕಾಣುವ ಹಾಗೆ, ನಿಧಾನವಾಗಿ ಸುರಿದಳು.